ವ್ಯಸನಮುಕ್ತಿ ಮತ್ತು ಅಂಗವಿಕಲರು: ನಮ್ಮ ಹೊಣೆ

ಮದ್ಯವು ನಿಷಿದ್ಧವೆಂದು ತಿಳಿಯದ ಮುಸ್ಲಿಮನಿಲ್ಲ. ಆದರೂ ಅದರ ಹಿಡಿತಕ್ಕೆ ಸಿಲುಕಿದವರು ನಮ್ಮ ಕುಟುಂಬಗಳಲ್ಲೂ ಇದ್ದಾರೆ. ಅವರಲ್ಲಿ ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲಾಗದವರೂ ಇರಬಹುದೆಂಬುದು ನಮಗೆ ಹೊಳೆಯುವುದೇ ಇಲ್ಲ. "ಪಾಪ, ಅವನಿಗಿರುವ ಸುಖ ಅದೊಂದೇ" ಎಂದು ಕೆಲವರು ಸುಮ್ಮನಾಗುತ್ತಾರೆ. ಓದುಗರೇ, ಇದು ಕರುಣೆಯಲ್ಲ; ಅವನನ್ನು ಕೈಬಿಡಲು ಒಂದು ನೆಪ ಮಾತ್ರ.

ವ್ಯಸನದಿಂದ ಹೊರಬರಲು ಔಷಧಿ ಮತ್ತು ಉಪದೇಶಗಳ ಜೊತೆಗೆ ಸಂಗಡಿಗರ ಆಸರೆಯೂ ಬೇಕು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತದ ರೋಗಿಗಳು ಪರಸ್ಪರ ಕಷ್ಟ ಹೇಳಿಕೊಂಡು ಚೇತರಿಸಿಕೊಂಡರು. ಅದರಿಂದ ಹುಟ್ಟಿದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಗುಂಪುಗಳು ಕರ್ನಾಟಕದಲ್ಲೂ ಇವೆ. ಅಲ್ಲಿ ಶುಲ್ಕವಿಲ್ಲ. ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಕೇಳಿದ್ದನ್ನು ಹೊರಗೆ ಹೇಳಬಾರದು.

ಹಾಗಾದರೆ ಬಾಗಿಲು ಎಲ್ಲರಿಗೂ ತೆರೆದಿದೆಯೇ? ಸ್ವಲ್ಪ ಯೋಚಿಸಿ. ಸಭೆ ಮಹಡಿಯ ಮೇಲಿದ್ದರೆ ಗಾಲಿಕುರ್ಚಿಯಲ್ಲಿರುವವನು ಕೆಳಗೇ ಉಳಿಯುತ್ತಾನೆ. ಕೈಗೆ ಕೊಟ್ಟ ಪುಸ್ತಿಕೆ ಅಂಧನಿಗೆ ಬರೀ ಕಾಗದ. ಕಿವುಡನ ಪಾಡು ಇನ್ನೂ ಕಷ್ಟ. ಏಕೆಂದರೆ ಈ ಗುಂಪುಗಳಲ್ಲಿ ಮಾತೇ ಮದ್ದು. ಆತ ಮಗಳನ್ನೇ ದುಭಾಷಿಯಾಗಿ ಕರೆತಂದರೆ, ಮನೆಯವರಿಂದ ಮುಚ್ಚಿಟ್ಟದ್ದನ್ನು ಆಕೆಯ ಬಾಯಿಂದಲೇ ಹೇಳಿಸಬೇಕಾಗುತ್ತದೆ. ಯಾವ ತಂದೆ ಹಾಗೆ ಮನಬಿಚ್ಚಿ ಮಾತಾಡಿಯಾನು? ಎಲ್ಲರಿಗೂ ಸಿಗುವ ಗೌಪ್ಯತೆ ಅವನೊಬ್ಬನಿಗೆ ಸಿಗುವುದಿಲ್ಲ.

ಇತ್‌ಬಾನ್ ಬಿನ್ ಮಾಲಿಕ್(ರ) ಅವರ ಪ್ರಸಂಗವನ್ನು ನೆನೆಯಿರಿ. ಅವರ ದೃಷ್ಟಿ ಕುಂದಿತ್ತು. ಮಳೆ ಬಂದರೆ ಕಣಿವೆ ತುಂಬಿ ಹರಿದು ಮಸೀದಿಗೆ ಹೋಗಲಾಗುತ್ತಿರಲಿಲ್ಲ. ಅವರು ಕೋರಿದಾಗ ಪ್ರವಾದಿ(ಸ)ರು ಅಬೂಬಕರ್(ರ)ರೊಂದಿಗೆ ಅವರ ಮನೆಗೇ ಬಂದರು. ಕುಳಿತುಕೊಳ್ಳುವ ಮೊದಲೇ, ಮನೆಯ ಯಾವ ಭಾಗದಲ್ಲಿ ನಮಾಝ್ ಮಾಡಬೇಕೆಂದು ಅವರನ್ನೇ ಕೇಳಿದರು. ಅದೇ ಮನೆಯಲ್ಲಿ ಯಾರೋ ಗೈರುಹಾಜರಿದ್ದ ಒಬ್ಬರನ್ನು ಕಪಟವಿಶ್ವಾಸಿ ಎಂದಾಗ ಪ್ರವಾದಿ(ಸ)ರು ತಡೆದರು. ಈ ಒಂದೇ ಭೇಟಿಯಲ್ಲಿ ನಮಗೆ ಮೂರು ಪಾಠಗಳಿವೆ: ಬರಲಾಗದವನ ಬಳಿಗೆ ಹೋಗಬೇಕು, ಏನು ಬೇಕೆಂದು ಅವನನ್ನೇ ಕೇಳಬೇಕು, ಯಾರನ್ನೂ ಬೆನ್ನ ಹಿಂದೆ ಹಳಿಯಬಾರದು.

ಇದನ್ನು ಆಚರಣೆಗೆ ತರುವುದು ಹೇಗೆ?

1. ಸಭೆ ನೆಲಮಾಳಿಗೆಯಲ್ಲಾಗಲಿ ಮಹಡಿಯಲ್ಲಾಗಲಿ ಬೇಡ, ಮೆಟ್ಟಿಲಿಲ್ಲದ ಕೋಣೆಯಲ್ಲಿರಲಿ. ಶೌಚಾಲಯಕ್ಕೂ ಗಾಲಿಕುರ್ಚಿ ಹೋಗುವಂತಿರಲಿ.

2. ಕಿವುಡರಿಗೆ ಮನೆಯವರಲ್ಲದ, ಗುಟ್ಟು ಕಾಯುವ ಸನ್ನೆಭಾಷೆಯ ದುಭಾಷಿ ಬೇಕು. ಕುಡಿತದ ಸಮಸ್ಯೆಯುಳ್ಳವರಿಗೆ ಮಾತ್ರ ಪ್ರವೇಶವಿರುವ ಸಭೆಗಳುಂಟು. ಅಲ್ಲಿ ದುಭಾಷಿ ಕೂರಲು ಗುಂಪು ಮೊದಲೇ ಒಪ್ಪಬೇಕು. ಒಬ್ಬರ ನಂತರ ಒಬ್ಬರು ಮಾತಾಡಬೇಕು.

3. ಅಂಧರಿಗೆ ಪುಸ್ತಿಕೆಯನ್ನು ಓದಿ, ಧ್ವನಿಮುದ್ರಿಸಿ ಕೊಡಿ. ಕನ್ನಡ ಬಲ್ಲ ನಮ್ಮ ಯುವಕ ಯುವತಿಯರು ಮೊಬೈಲಿನಲ್ಲೇ ಇದನ್ನು ಮಾಡಬಹುದು.

4. ಹೆಚ್ಚು ಕುಡಿಯುವವನು ಒಮ್ಮೆಲೇ ಬಿಟ್ಟರೆ ಅಪಸ್ಮಾರ ಬರಬಹುದು. ಮೊದಲು ವೈದ್ಯರನ್ನು ಕಾಣಿರಿ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446 ಇದೆ. ಕರೆ ಮಾಡಲಾಗದವನು ಬಯಸಿದರೆ ಅವನ ಪರವಾಗಿ ನೀವು ಮಾಡಿರಿ.

5. ಮನೆಯಲ್ಲಿ ಅವನನ್ನು ಅಡಗಿಸಬೇಡಿ. ಊರಲ್ಲಿ ಅವನ ಕಥೆ ಹೇಳಬೇಡಿ.

ಪಶ್ಚಾತ್ತಾಪದ ಬಾಗಿಲನ್ನು ಅಲ್ಲಾಹನು ಯಾರಿಗೂ ಮುಚ್ಚಿಲ್ಲ. ಆ ಬಾಗಿಲಿನತ್ತ ಹೊರಟವನಿಗೆ ನಮ್ಮ ಮೆಟ್ಟಿಲುಗಳಾಗಲಿ ನಮ್ಮ ನಾಲಿಗೆಯಾಗಲಿ ಅಡ್ಡಿಯಾಗದಿರಲಿ. ಅಲ್ಲಾಹನು ನಮಗೆ ಆ ಸನ್ಮತಿ ಕರುಣಿಸಲಿ. ಆಮೀನ್.