ಎರಡು ನೆಲದ ಋಣ

ಪ್ರಶ್ನೆ: ಬ್ರಿಟಿಷರ ಕಾಲದ ಸಿಂಗಪುರದ ಚೀನೀಯರು ಇತ್ತ ಬ್ರಿಟಿಷ್ ದೊರೆತನಕ್ಕೆ ನಿಷ್ಠೆ ತೋರಿಸುತ್ತ, ಅತ್ತ ಚೀನಾಕ್ಕೆ ಹಣ ಕಳಿಸುತ್ತಿದ್ದರಂತೆ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಲ್ಲವೇ?
— ಓದುಗರು, ಹಾಸನ

ಉತ್ತರ: ದೋಣಿ ಎರಡೆಂದು ಎಣಿಸುತ್ತಿರುವವರು ನಾವು. ಅವರಲ್ಲಿ ಬಹುಮಂದಿಗೆ ಹಾಗನ್ನಿಸಿರಲಿಲ್ಲ.

ಅಲ್ಲಿನ ಚೀನೀಯರೆಲ್ಲ ಒಂದೇ ಬಗೆಯವರೂ ಅಲ್ಲ. ‘ಬಾಬಾ’ ಎನಿಸಿಕೊಂಡ ಹಳೆಯ ಮನೆತನಗಳು ಮಲಕ್ಕಾ, ಪೆನಾಂಗ್‌ಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದವು; ಅಲ್ಲಿಂದ ಸಿಂಗಪುರಕ್ಕೂ ಬಂದಿದ್ದವು. ಮನೆಮಾತು ಮಲಯ್ ಬೆರೆತದ್ದು, ಹೆಂಗಸರ ಉಡುಗೆ ಲುಂಗಿಯಂಥ ಸಾರೋಂಗ್. ಪಿತೃಗಳಿಗೆ ಎಡೆಯಿಡುವುದು ಮಾತ್ರ ಚೀನೀ ಕ್ರಮದಲ್ಲೇ. 1900ರಲ್ಲಿ ‘ಸ್ಟ್ರೇಟ್ಸ್ ಚೈನೀಸ್ ಬ್ರಿಟಿಷ್ ಅಸೋಸಿಯೇಷನ್’ ಕಟ್ಟಿದವರು ಇಂಥವರು. ಅವರಲ್ಲೊಬ್ಬರಾದ ಡಾ. ಲಿಮ್ ಬೂನ್ ಕೆಂಗ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ ಬಂದವರು. ಚೀನೀ ಗಂಡಸರು ರೂಢಿಯ ಜಡೆ ಕತ್ತರಿಸಬೇಕೆಂದೂ ವಾದಿಸಿದರು, ಕನ್‌ಫ್ಯೂಷಿಯಸ್‌ನನ್ನು ಮರೆಯಬಾರದೆಂದೂ ಸಾರಿದರು! 1921ರಿಂದ 1937ರವರೆಗೆ ಚೀನಾದ ಷಿಯಾಮೆನ್ ವಿಶ್ವವಿದ್ಯಾಲಯ ನಡೆಸಿದರು. ಅದನ್ನು ಸ್ಥಾಪಿಸಿದ್ದು ಸಿಂಗಪುರದಲ್ಲಿ ಅನಾನಸ್, ರಬ್ಬರ್‌ನಿಂದ ಸಿರಿವಂತರಾದ ಟಾನ್ ಕಾ ಕೀ; ಅವರ ಹುಟ್ಟೂರು ಷಿಯಾಮೆನ್ ಸೀಮೆಯದೇ.

ಬಂದರಿನ ಕೂಲಿಗೆ ಈ ಚರ್ಚೆಗಳು ದೂರ. ತಾಯ್ನಾಡೆಂದರೆ ಅವನಿಗೆ ಮನೆಗೆ ಕಳಿಸುವ ದುಡ್ಡು. ದುಡ್ಡಿನ ಜೊತೆಗೇ ಕಾಗದವೂ ಹೋಗುತ್ತಿತ್ತು. ಬರೆಯಲು ಬಾರದವನು ಬೀದಿಯ ಪತ್ರ ಬರೆಯುವವನ ಮುಂದೆ ಕೂರುತ್ತಿದ್ದ. ಹಣ ಮುಟ್ಟಿದ್ದಕ್ಕೆ ಊರಿನಿಂದ ಉತ್ತರವೂ ಬರುತ್ತಿತ್ತು. ಇಂಥ ಪತ್ರಗಳನ್ನು 2013ರಲ್ಲಿ ಯುನೆಸ್ಕೊ ತನ್ನ ‘ವಿಶ್ವದ ಸ್ಮರಣೆ’ ಪಟ್ಟಿಗೆ ಸೇರಿಸಿತು. ನನ್ನನ್ನು ಕೇಳಿದರೆ, ನಾಯಕರ ಭಾಷಣಗಳಿಗಿಂತ ನಂಬಬಹುದಾದ ಸಾಕ್ಷಿ ಇವೇ.

ಗಂಟು ಬಿದ್ದದ್ದು ಸರ್ಕಾರಗಳಿಂದ. ಚೀನೀ ತಂದೆಯ ಮಕ್ಕಳು ಎಲ್ಲಿ ಹುಟ್ಟಿದರೂ ತನ್ನ ಪ್ರಜೆಗಳೆಂದು 1909ರಲ್ಲಿ ಚೀನಾದ ಚಿಂಗ್ ಅರಸೊತ್ತಿಗೆಯ ಸರ್ಕಾರ ಕಾನೂನು ಮಾಡಿತು. ಸಿಂಗಪುರದಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳೆಂಬುದು ಬ್ರಿಟಿಷರ ಕಾನೂನು. ಹೀಗೆ ಒಂದೇ ಕೂಸಿಗೆ ಇಬ್ಬರು ಹಕ್ಕುದಾರರು. ಚೀನೀ ಶಾಲೆಗಳಲ್ಲಿ ರಾಜಕೀಯ ಬಿಸಿಯಾಗುತ್ತಿದ್ದಂತೆ, 1920ರಲ್ಲಿ ಬ್ರಿಟಿಷರು ಶಾಲೆಗಳ ನೋಂದಣಿಯನ್ನೂ ಕಡ್ಡಾಯ ಮಾಡಿದರು.

ಪ್ರಶ್ನೆ: ಪರದೇಶದಲ್ಲಿ ಸತ್ತ ಚೀನೀಯರ ಅಸ್ಥಿ ಊರಿಗೆ ಮರಳುತ್ತಿತ್ತೇ? ಅದು ಸಿರಿವಂತರಿಗಷ್ಟೇ ಸಾಧ್ಯವಿತ್ತೇ?
— ಓದುಗರು, ಶಿರಸಿ

ಉತ್ತರ: ಮರಳುತ್ತಿತ್ತು, ಬಡವರದ್ದೂ. ಖರ್ಚಿಗೆ ಊರವರ ಸಂಘಗಳು ವಂತಿಗೆ ಎತ್ತುತ್ತಿದ್ದವು. ಅಮೆರಿಕದಿಂದ ಬಂದ ಮೂಳೆ, ಶವಪೆಟ್ಟಿಗೆಗಳು ಹಾಂಗ್‌ಕಾಂಗ್‌ನಲ್ಲಿ ಇಳಿಯುತ್ತಿದ್ದವು. ಅಲ್ಲಿನ ತುಂಗ್ ವಾ ಆಸ್ಪತ್ರೆ ಅವನ್ನು ಇರಿಸಿಕೊಂಡು ಹಳ್ಳಿಗಳಿಗೆ ಸಾಗಿಸುವ ಏರ್ಪಾಡು ಮಾಡುತ್ತಿತ್ತು. 1949ರ ನಂತರ ಚೀನಾದ ಗಡಿ ಬಿಗಿಯಾದಾಗ ಎಷ್ಟೋ ಪೆಟ್ಟಿಗೆಗಳು ಹಾಂಗ್‌ಕಾಂಗ್‌ನಲ್ಲೇ ಉಳಿದವು.