ಅಂಜುಬುರುಕ ನಾಯಿಗೊಂದು ಮನೆ

ನಾಯಿಯ ವಿಷಯದಲ್ಲಿ ನಮ್ಮ ಜನರ ಮನಸ್ಸು ಎರಡಾಗಿದೆ. ಬಯ್ಯುವಾಗ ‘ನಾಯಿ’ ಎನ್ನುತ್ತೇವೆ. ಹೊಗಳುವಾಗ ‘ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ’ ಎನ್ನುತ್ತೇವೆ. ಜೊತೆಗೆ ಬಂದ ನಾಯಿಯನ್ನು ಹೊರಗೆ ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆಯನ್ನು ಭಕ್ತಿಯಿಂದ ಕೇಳುವ ನಾವೇ, ನಮ್ಮ ಬಾಗಿಲಿಗೆ ಬಂದ ನಾಯಿಯನ್ನು ಕಲ್ಲೆತ್ತಿಕೊಂಡು ಅಟ್ಟುತ್ತೇವೆ.

ಕನ್ನಡನಾಡು ನಾಯಿಗೆ ವೀರಗಲ್ಲು ನಿಲ್ಲಿಸಿದ ನಾಡು. ಕ್ರಿ.ಶ. 949ರ ಸುಮಾರಿಗೆ ನಡೆದ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನೆಂಬ ವೀರನು, ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ನಮ್ಮ ಸೀಮೆಯಲ್ಲಿಯೂ ಮೈಲಾರಲಿಂಗನ ಗೊರವರು ದೇವರ ನಾಯಿಗಳಾಗಿ ಬೊಗಳುತ್ತ ದೋಣಿಯ ಪ್ರಸಾದಕ್ಕೆ ಮುಗಿಬೀಳುವುದನ್ನು ಅನೇಕರು ನೋಡಿದ್ದೇವೆ.

ಆದರೆ ಕಾಳಿ ಶೂರ ನಾಯಿ. ಶೂರ ನಾಯಿಯನ್ನು ಬೇಡಿ ಪಡೆಯುವವರಿದ್ದಾರೆ. ಅಂಜಿದಾಗ ಮೂಲೆ ಸೇರುವ, ಅಂಜಿಕೆ ತೀರಿದೊಡನೆ ಒಂದು ಗಳಿಗೆಯೂ ಸುಮ್ಮನಿರದ ನಾಯಿಯನ್ನು ಬೇಡುವವರು ಯಾರು? ಈ ಪ್ರಶ್ನೆಗೆ ನಾನು ಅನುಭವದಿಂದ ಕಂಡ ಉತ್ತರವನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಪ್ರಶ್ನೆ ಹುಟ್ಟಿದ ಬಗೆ

2025ರ ಮಳೆಗಾಲದಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ, ಭತ್ತದ ಹೊಟ್ಟಿನ ರಾಶಿಯ ಹಿಂದೆ, ಕಂದು ಬಣ್ಣದ ಹೆಣ್ಣು ಮರಿಯೊಂದನ್ನು ಕಂಡೆ. ಐದಾರು ತಿಂಗಳು ತುಂಬಿರಬಹುದು. ಒಂದು ಹಿಡಿ ಮಂಡಕ್ಕಿ ಎಸೆದೆ. ನಾನು ದೂರ ಹೋಗುವ ತನಕ ಅದು ಮುಟ್ಟಲಿಲ್ಲ. ವಾರ ಕಳೆಯುವಷ್ಟರಲ್ಲಿ ನನ್ನ ಸೈಕಲ್ಲಿನ ಹಿಂದೆ ಇಪ್ಪತ್ತು ಮಾರು ಅಂತರ ಬಿಟ್ಟು ಓಡಿಬರತೊಡಗಿತು. ಕೊನೆಗೆ ಕಾಲೇಜಿನ ಹಿಂದಿನ ಸೈಕಲ್ ಷೆಡ್ಡನ್ನೇ ಸೇರಿಕೊಂಡಿತು. ಅದರ ಓಟವನ್ನು ನೋಡಿ ಗೆಳೆಯರು ‘ಮಿಂಚು’ ಎಂದು ಹೆಸರಿಟ್ಟರು. ಪಶುವೈದ್ಯರು ಹುಚ್ಚುನಾಯಿ ರೋಗದ ಲಸಿಕೆ ಹಾಕಿದರು; ಮುಂದೆ ಸಂತಾನಹರಣ ಚಿಕಿತ್ಸೆಯೂ ಆಯಿತು.

ಆ ವರ್ಷದ ನವೆಂಬರ್ 7ರಂದು ಸುಪ್ರೀಂ ಕೋರ್ಟಿನ ಆದೇಶ ಬಂದಿತು. ಶಾಲೆ ಕಾಲೇಜು, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಚಿಕಿತ್ಸೆ ಮತ್ತು ಲಸಿಕೆಯ ನಂತರ ಆಶ್ರಯಕೇಂದ್ರಕ್ಕೆ ಸೇರಿಸಬೇಕು, ಮರಳಿ ಅಲ್ಲಿಗೇ ಬಿಡಕೂಡದು ಎಂಬುದು ಅದರ ತಿರುಳು. ನಾಯಿ ಕಡಿತದಿಂದ ನರಳಿದ ಮಕ್ಕಳನ್ನು ನೆನೆದರೆ ಆದೇಶದ ಹಿಂದಿನ ಕಾಳಜಿ ತಿಳಿಯುತ್ತದೆ. ಆದರೆ ಕೊಡೆ ಬಿಚ್ಚಿದರೂ ನಡುಗುವ ಮಿಂಚು ನೂರು ನಾಯಿಗಳ ನಡುವೆ ಬದುಕೀತೆ? ಸಂಕ್ರಾಂತಿಯೊಳಗೆ ಮನೆ ಹುಡುಕಿದರೆ ಸರಿ ಎಂದು ನಮ್ಮ ಅಧ್ಯಾಪಕರು ಹೇಳಿದರು. ನಮ್ಮದು ವಠಾರದ ಒಂದೇ ಕೋಣೆಯ ಬಾಡಿಗೆ ಮನೆ. ಅಲ್ಲಿ ನಾಯಿಗೆ ಅಪ್ಪಣೆಯಿಲ್ಲ.

ಅಂಜಿಕೆಯ ಮೂಲ

ಅಂಜುವ ನಾಯಿಯನ್ನು ಕಂಡವರೆಲ್ಲ ‘ಯಾರೋ ಹೊಡೆದಿದ್ದಾರೆ’ ಎನ್ನುತ್ತಾರೆ. ಹಾಗಿರಬಹುದು; ಹಾಗೇ ಇರಬೇಕೆಂದಿಲ್ಲ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷ ಮರಿಗಳ ನಡತೆಯನ್ನು ಪರೀಕ್ಷಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಮರಿಯ ಮನಸ್ಸು ಲೋಕಕ್ಕೆ ತೆರೆದಿರುತ್ತದೆ. ಆಗ ಮನುಷ್ಯರ ಸಹವಾಸ ದೊರೆಯದ ಮರಿಗೆ ಮುಂದೆ ಮನುಷ್ಯನೇ ಭಯದ ವಸ್ತುವಾಗುತ್ತಾನೆ. ಹೊಟ್ಟಿನ ರಾಶಿಯ ಹಿಂದೆ ಬೆಳೆದ ಮಿಂಚುವಿಗೆ ಯಾರೂ ಕೇಡು ಮಾಡಿರಲಾರರು. ಯಾರೂ ಹತ್ತಿರ ಬಂದಿರಲೂ ಇಲ್ಲ.

ಅಂಜಿಕೆಗೆ ತನ್ನದೇ ಭಾಷೆಯುಂಟು. ಬಾಲ ಕಾಲಸಂದಿ ಸೇರುತ್ತದೆ; ಕಿವಿ ಹಿಂದಕ್ಕೆ ಅಂಟುತ್ತದೆ; ನಿದ್ರೆಯಿಲ್ಲದೆ ಆಕಳಿಕೆ, ತಿನಿಸಿಲ್ಲದೆ ತುಟಿ ನೆಕ್ಕುವಿಕೆ. ಇವನ್ನು ಓದಲಾರದವನು ‘ಪಾಪ’ ಎಂದು ಮೇಲೆ ಬಾಗಿ ತಲೆ ಸವರಲು ಹೋಗುತ್ತಾನೆ. ಓಡಲು ದಾರಿ ಕಾಣದ ನಾಯಿ ಆಗ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಹುಚ್ಚುನಾಯಿ ರೋಗದ ಲಕ್ಷಣ ತೋರಿದ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ.

ಅಂಜಿಕೆ ಕಳೆಯುವ ದಾರಿಯನ್ನು ರಷ್ಯದ ಪಾವ್ಲೋವ್ ನಾಯಿಗಳ ಮೇಲೆಯೇ ಮಾಡಿದ ಪ್ರಯೋಗಗಳು ತೋರಿಸಿವೆ. ಸದ್ದಿನ ಹಿಂದೆಯೇ ಪ್ರತಿಸಲವೂ ಆಹಾರ ಬಂದರೆ, ಕೊನೆಗೆ ಸದ್ದಿಗೇ ಬಾಯಲ್ಲಿ ನೀರೂರುತ್ತದೆ. ಹಾಗೆಯೇ ಅಂಜಿಸುವ ವಸ್ತು ದೂರದಲ್ಲಿರುವಾಗಲೇ ರುಚಿಯಾದ ತುಣುಕೊಂದು ಸಿಗುತ್ತಿದ್ದರೆ, ಭಯದ ಜಾಗಕ್ಕೆ ಆಸೆ ಬರುತ್ತದೆ. ಅಂತರವನ್ನು ದಿನಕ್ಕಿಷ್ಟೆಂದು ಕಡಿಮೆ ಮಾಡಬೇಕು. ಅವಸರಪಟ್ಟರೆ ವಾರದ ದುಡಿಮೆ ಕ್ಷಣದಲ್ಲಿ ಹಾಳು.

ಚಟುವಟಿಕೆಯ ವಿಚಾರ

ಮುಧೋಳದ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ಮಿಂಚುವಿನಂಥವುಗಳಿಗೆ ನಾವಿಟ್ಟ ಹೆಸರು ‘ಕಂತ್ರಿ’. ಆದರೆ ಬೀದಿಯಲ್ಲಿ ಅಲೆದು ಅನ್ನ ಹುಡುಕಿಕೊಂಡು ಬಂದ ಈ ತಳಿಗೆ ಕಾಲಿನ ಕಸುವೂ ಮೂಗಿನ ಚುರುಕೂ ಏನೂ ಕಡಿಮೆಯಿಲ್ಲ. ಅದನ್ನು ಇಡೀ ದಿನ ಕಟ್ಟಿಹಾಕಿದರೆ ಚಪ್ಪಲಿ ಕಡಿಯುತ್ತದೆ, ನೆಲ ಕೆರೆಯುತ್ತದೆ, ರಾತ್ರಿಯೆಲ್ಲ ಊಳಿಡುತ್ತದೆ. ಅದು ತುಂಟತನವಲ್ಲ, ಕೆಲಸವಿಲ್ಲದ ಬೇಸರ. ಜನ ಸೇರುವ ಮೊದಲು ನಸುಕಿನಲ್ಲಿ ಕುಂದವಾಡ ಕೆರೆಯ ಕಡೆ ನಡೆದಾಡಿಸಿದರೆ ಮಿಂಚು ಮಧ್ಯಾಹ್ನದವರೆಗೆ ಶಾಂತವಾಗಿರುತ್ತಿತ್ತು. ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಬರಿ ಮಂಡಕ್ಕಿ ಅಡಗಿಸಿಟ್ಟರೆ ಮೂಗಿನಿಂದ ಹುಡುಕಿ ತಿನ್ನುತ್ತ ಅರ್ಧ ಗಂಟೆ ಕಳೆಯುತ್ತಿತ್ತು. ಒಗ್ಗರಣೆಯ ಮಂಡಕ್ಕಿ ಮಾತ್ರ ಸಲ್ಲದು. ಈರುಳ್ಳಿ ನಾಯಿಗೆ ವಿಷ.

ನಾನು ಮಾಡಿದ ತಪ್ಪು

ನವೆಂಬರಿನ ಕೊನೆಯಲ್ಲಿ ಹೊಸ ಬಡಾವಣೆಯ ಮನೆಯೊಂದು ಸಿಕ್ಕಿತು. ‘ನಾಯಿ ಹೇಗಿದೆ?’ ಎಂದು ಕೇಳಿದರು. ‘ಬಹಳ ಸಾಧು, ಬಹಳ ಚುರುಕು’ ಎಂದೆ. ಎರಡೂ ಸುಳ್ಳಲ್ಲ; ಆದರೂ ನಿಜವನ್ನು ಬಚ್ಚಿಟ್ಟೆ. ‘ಸಾಧು’ ಎಂದರೆ ಅಂಜಿಕೆಯೆಂದೂ ‘ಚುರುಕು’ ಎಂದರೆ ತಡೆಯಿಲ್ಲದ ಓಟವೆಂದೂ ಬಿಡಿಸಿ ಹೇಳಿದರೆ ಕೈತಪ್ಪೀತೆಂಬ ಹೆದರಿಕೆ ನನಗಿತ್ತು. ಅವರು ನಾಯಿಯನ್ನು ರಸ್ತೆಬದಿಯ ಗೇಟಿಗೆ ಕಟ್ಟಿದರು. ಮೂರನೆಯ ರಾತ್ರಿ ಆ ಬೀದಿಯಲ್ಲಿ ಮದುವೆಯ ಮೆರವಣಿಗೆ ಬಂದಿತು. ಬ್ಯಾಂಡು, ಪಟಾಕಿ. ಮಿಂಚು ಕೊರಳಪಟ್ಟಿಯಿಂದ ತಲೆ ನುಣುಚಿಸಿಕೊಂಡು ಕತ್ತಲಲ್ಲಿ ಮಾಯವಾಯಿತು.

ಎರಡು ದಿನ ಸೈಕಲ್ಲಿನಲ್ಲಿ ಊರು ಸುತ್ತಿದೆ. ಪಿ.ಬಿ. ರಸ್ತೆಯಲ್ಲಿ ಲಾರಿಗಳು ಹಾಯುವಾಗ ರಸ್ತೆಯಂಚನ್ನು ನೋಡಲು ಧೈರ್ಯವಾಗುತ್ತಿರಲಿಲ್ಲ. ಮೂರನೆಯ ಬೆಳಗ್ಗೆ ಅದೇ ಮಂಡಕ್ಕಿ ಭಟ್ಟಿಯ ಹೊಟ್ಟಿನ ರಾಶಿಯ ಹಿಂದೆ ಎರಡು ಕಣ್ಣು ಹೊಳೆದವು. ಆ ಮನೆಯವರನ್ನು ದೂರಲಾರೆ. ಅವರು ಕೇಳಿದ್ದರು, ಹೇಳದೆ ಉಳಿದವನು ನಾನು.

ಮನೆ ಹುಡುಕುವ ಕ್ರಮ

ಅಂದಿನಿಂದ ಎರಡು ಪಟ್ಟಿ ಮಾಡಿಕೊಂಡೆ. ಮೊದಲನೆಯದು ನಾನು ಹೇಳಬೇಕಾದದ್ದು: ಕೋಲು, ಹೆಲ್ಮೆಟ್ಟು, ಪಟಾಕಿಗೆ ಅಂಜುತ್ತದೆ, ಚಪ್ಪಲಿ ಕಡಿಯುತ್ತದೆ, ಹಲವು ವಾರ ಕೈಗೆ ಬರುವುದಿಲ್ಲ, ಬಾಗಿಲು ತೆರೆದಿದ್ದರೆ ಓಡುತ್ತದೆ, ಕಾವಲಿಗೆ ಉಪಯೋಗವಿಲ್ಲ. ಎರಡನೆಯದು ಕೇಳಬೇಕಾದದ್ದು: ಅಂಗಳಕ್ಕೆ ಗೋಡೆಯುಂಟೆ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಚಿಕ್ಕ ಮಕ್ಕಳಿದ್ದಾರೆಯೆ? ಮನೆಯ ಎಲ್ಲರಿಗೂ ಒಪ್ಪಿಗೆಯೆ? ದಿನಕ್ಕೆರಡು ಸಲ ನಡೆದಾಡಿಸುವವರು ಯಾರು? ವರ್ಷ ವರ್ಷವೂ ಲಸಿಕೆ ಹಾಕಿಸುವಿರಾ? ಆಗದಿದ್ದರೆ ಬೀದಿಗೆ ಬಿಡದೆ ನನಗೇ ಮರಳಿಸುವಿರಾ?

ಪಟ್ಟಿ ಕೇಳಿ ಐದು ಮನೆಯವರು ಬೇಡವೆಂದರು. ಮೊದಲು ಬೇಸರವಾಯಿತು. ಆಮೇಲೆ, ಈ ಐದು ಮನೆಗಳಿಂದಲೂ ಮಿಂಚು ಓಡಿಹೋಗುವುದು ತಪ್ಪಿತಲ್ಲವೆ ಎಂದು ಸಮಾಧಾನವಾಯಿತು.

ಹರಿಹರದ ಮನೆ

ಹರಿಹರದಿಂದ ದಿನವೂ ರೈಲಿನಲ್ಲಿ ಬರುವ ಸಹಪಾಠಿಯೊಬ್ಬರು ತಮ್ಮ ಬೀದಿಯ ವೃದ್ಧ ದಂಪತಿಗಳ ವಿಷಯ ಹೇಳಿದರು. ಯಜಮಾನರು ಲೇತ್ ಕೆಲಸಗಾರರಾಗಿದ್ದು ನಿವೃತ್ತರಾದವರು. ಮನೆ ತುಂಗಭದ್ರೆಯ ಕಡೆಗೆ. ಎದೆಯೆತ್ತರದ ಗೋಡೆ, ಹಿತ್ತಲಲ್ಲಿ ಸೀಬೆ ಮರ. ನಾನು ನನ್ನ ಪಟ್ಟಿಯನ್ನೆಲ್ಲ ಓದಿದೆ. ಅಜ್ಜ ನಕ್ಕರು:

“ತಮ್ಮಾ, ಹೊಟ್ಟೆಗೆ ಹಾಕೋದು ದೊಡ್ಡದಲ್ಲ. ಅಂಜಿಕೆ ಬಿಡಿಸಾಕೆ ಹೊತ್ತು ಬೇಕು. ಹೊತ್ತು ನಮ್ಮ ಹತ್ರ ಬೇಕಾದಷ್ಟು ಐತಿ.”

ಡಿಸೆಂಬರಿನ ಒಂದು ಭಾನುವಾರ ಲಗೇಜ್ ಆಟೋದಲ್ಲಿ ಮಿಂಚುವನ್ನು ಕರೆದೊಯ್ದೆ. ಅಜ್ಜ ಅದನ್ನು ಕರೆಯಲಿಲ್ಲ, ನೋಡಲೂ ಇಲ್ಲ. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತು ಪತ್ರಿಕೆ ಓದುತ್ತ, ಆಗಾಗ್ಗೆ ರೊಟ್ಟಿಯ ತುಣುಕನ್ನು ಹಿಂದಕ್ಕೆ ಹಾಕುತ್ತಿದ್ದರು. ಪಾವ್ಲೋವನ ಹೆಸರನ್ನೂ ಕೇಳದ ಅವರಿಗೆ ಈ ವಿದ್ಯೆ ಯಾರು ಕಲಿಸಿದರೋ! ಎರಡನೆಯ ಭಾನುವಾರ ಮಿಂಚು ಕಟ್ಟೆಯ ಬುಡಕ್ಕೆ ಬಂದಿತು. ಮೂರನೆಯ ಭಾನುವಾರ ಅಜ್ಜಿಯ ಕೈಯಿಂದ ರೊಟ್ಟಿ ತಿಂದಿತು. ನಾಲ್ಕನೆಯ ಸಲ ನಾನೊಬ್ಬನೇ ಹಿಂದಿರುಗಿದೆ. ಅಂಗಡಿಯಿಂದ ಎದೆಗೆ ಕಟ್ಟುವ ಪಟ್ಟಿ ತಂದು, ಕೊರಳಪಟ್ಟಿಯ ಜೊತೆಗೆ ಅದಕ್ಕೂ ಒಂದು ಹಗ್ಗ ಹಾಕಿಸಿದ್ದೆವು. ಹಾಸಿಗೆಗೆ ಸೈಕಲ್ ಷೆಡ್ಡಿನ ಹಳೆಯ ಗೋಣಿಯನ್ನೇ ಕೊಟ್ಟೆ. ಪರಿಚಿತ ವಾಸನೆಯೂ ಒಂದು ಆಸರೆ.

ಈಗ ಆರು ವಾರಗಳಾಗಿವೆ. ಕುಕ್ಕರ್ ಕೂಗಿದರೆ ಮಿಂಚು ಇಂದಿಗೂ ಮಂಚದ ಕೆಳಗೆ ಓಡುತ್ತದೆ. ಕೂಗು ನಿಂತೊಡನೆ ಹೊರಬಂದು ಸೀಬೆ ಮರದ ಸುತ್ತ ಹತ್ತು ಸುತ್ತು ಹಾಕುತ್ತದೆ. ಅದನ್ನು ನೋಡಿ ಬಂದ ದಿನ ಹರಿಹರೇಶ್ವರನ ಗುಡಿಗೆ ಹೋಗಿದ್ದೆ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿದ್ದಾರೆ. ಅರ್ಧವನ್ನು ಮಾತ್ರ ಪೂಜಿಸುತ್ತೇನೆಂದರೆ ಅಲ್ಲಿ ನಡೆಯದು. ಪ್ರಾಣಿಯ ವಿಷಯವೂ ಅಷ್ಟೇ ಎಂದು ನನಗೆ ತೋರಿತು. ಅಂಜಿಕೆಯನ್ನು ಬಚ್ಚಿಟ್ಟು ಚುರುಕನ್ನಷ್ಟೇ ತೋರಿಸಿ ಕೊಡಿಸಿದ ಮನೆ ಮೂರು ದಿನ ಉಳಿಯಿತು. ಎರಡನ್ನೂ ತಿಳಿದು ‘ಇರಲಿ ಬಿಡು’ ಎಂದವರ ಮನೆಯಲ್ಲಿ ಮಿಂಚು ಉಳಿದಿದೆ.

ನಮ್ಮ ಕಾಲೇಜಿನ ಮಿತ್ರರಲ್ಲಿ ಯಾರಾದರೂ ಮುಂದೆ ಇಂಥ ಕೆಲಸಕ್ಕೆ ಕೈಹಾಕಿದರೆ, ನನ್ನ ಎರಡು ಪಟ್ಟಿಗಳನ್ನು ಸಂತೋಷದಿಂದ ಕೊಡುತ್ತೇನೆ. ಮೊದಲ ಪಟ್ಟಿಯನ್ನು ಮೊದಲು ಓದಿ ಹೇಳಿರೆಂದು ಮಾತ್ರ ನನ್ನ ಬಿನ್ನಹ.