ಊರಿನ ಫಲ-ಪುಷ್ಪ ಮತ್ತು ಕಾಯಿಪಲ್ಲೆ ಪ್ರದರ್ಶನ: ಏರ್ಪಡಿಸುವ ಬಗೆ

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿಗಳ ಊಟ ಮಾಡುವುದು ಕಲಬುರಗಿ ಸೀಮೆಯಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ಆ ಭಜ್ಜಿಗೆ ಹತ್ತಾರು ಬಗೆಯ ಕಾಯಿ, ಕಾಳು, ಸೊಪ್ಪು ಬೇಕು. ಅದರಲ್ಲಿ ನಮ್ಮ ಊರಿನ ಹೊಲ, ಹಿತ್ತಲುಗಳಿಂದ ಬಂದದ್ದೆಷ್ಟು, ಸಂತೆಯಿಂದ ತಂದದ್ದೆಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿರಿ. ಸಂತೆಯ ಪಾಲು ಹೆಚ್ಚಿದ್ದರೆ ದುಡ್ಡಿನ ಜೊತೆಗೆ ಮತ್ತೊಂದು ನಷ್ಟವೂ ಆಗಿರುತ್ತದೆ. ಬಿತ್ತದೆ ಉಳಿದ ತಳಿಯ ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮನೆಯ ಅಜ್ಜಿ ಗಡಿಗೆಯಲ್ಲಿ ಕಟ್ಟಿಟ್ಟ ಹೀರೆಯ ಬೀಜ ಆಕೆಯ ಕಾಲಕ್ಕೇ ಮುಗಿದರೆ ಅದನ್ನು ಯಾವ ಅಂಗಡಿಯಿಂದಲೂ ಮರಳಿ ತರಲಾಗದು.

ಇಂಥ ಬೀಜ ಯಾರ ಮನೆಯಲ್ಲಿದೆ, ಅದನ್ನು ಬೆಳೆಯುವ ಬಗೆ ಯಾರಿಗೆ ಗೊತ್ತಿದೆ ಎಂಬುದನ್ನು ಊರೆಲ್ಲ ಒಂದೇ ದಿನ ತಿಳಿಯುವ ಸುಲಭ ಉಪಾಯವೆಂದರೆ ಪ್ರದರ್ಶನ. ಜೇವರ್ಗಿ ಭಾಗದ ಇಜೇರಿಯಂಥ ಊರಿನಲ್ಲಿ ಶಾಲೆಯ ಅಂಗಳ, ನಾಲ್ಕಾರು ಮೇಜು ಮತ್ತು ಆಸಕ್ತಿಯುಳ್ಳ ಹತ್ತು ಜನ ಇದ್ದರೆ ಇದನ್ನು ನಡೆಸಬಹುದು.

ದೊಡ್ಡ ಊರುಗಳ ಮಾದರಿ

ನಮ್ಮ ನಾಡಿಗೆ ಪ್ರದರ್ಶನ ಹೊಸದಲ್ಲ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ಸ್ವಾತಂತ್ರ್ಯೋತ್ಸವ ಮತ್ತು ಗಣರಾಜ್ಯೋತ್ಸವದ ಸಮಯದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ಹೆಸರುವಾಸಿಯಾದುದು. ದಸರೆಯ ವೇಳೆಗೆ ಮೈಸೂರಿನ ಕುಪ್ಪಣ್ಣ ಉದ್ಯಾನದಲ್ಲಿಯೂ ಇಂಥ ಪ್ರದರ್ಶನ ನಡೆಯುತ್ತದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೇಸಿಗೆಯ ಕೊನೆಗೆ ಮತ್ತು ಶರತ್ಕಾಲದಲ್ಲಿ ಊರವರೇ ಬೆಳೆದ ಹೂ, ಹಣ್ಣು, ಗಡ್ಡೆಗಳನ್ನು ತಟ್ಟೆಯಲ್ಲಿಟ್ಟು ತೀರ್ಪು ಪಡೆಯುವ ರೂಢಿ ಇದೆ.

ಲಾಲ್‌ಬಾಗಿನಲ್ಲಿ ಹೂವಿನ ಗೋಪುರ ಕಂಡು ಕಣ್ಣು ತಣಿಯುತ್ತದೆ. ಹಳ್ಳಿಯ ಪ್ರದರ್ಶನ ಅದನ್ನು ಅನುಕರಿಸಬೇಕಾಗಿಲ್ಲ. ನೋಡಿದವನು ಮನೆಗೆ ಹೋಗುವಾಗ ಒಂದು ಚಿಟಿಕೆ ಬೀಜವನ್ನೋ ಒಂದು ಹೊಸ ವಿಷಯವನ್ನೋ ಒಯ್ದರೆ ಅದೇ ನಮ್ಮ ಪ್ರದರ್ಶನದ ಸಾರ್ಥಕತೆ.

ಯಾವಾಗ ನಡೆಸಬೇಕು?

ಎರೆಭೂಮಿಯಲ್ಲಿ ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮೊದಲ ಪಕ್ಷದವರೆಗೆ ಹಿಂಗಾರಿ ಜೋಳದ ಬಿತ್ತನೆಯ ಅವಸರವಿರುತ್ತದೆ. ಕೂರಿಗೆ ಹೂಡುವ ಹೊತ್ತಿನಲ್ಲಿ ಪ್ರದರ್ಶನವಿಟ್ಟರೆ ಯಾರೂ ಬರಲಾರರು. ಆದ್ದರಿಂದ ಸೀಗಿ ಹುಣ್ಣಿಮೆ ಕಳೆದ ಮೇಲೆ, ದೀಪಾವಳಿಗೆ ಮುಂಚಿನ ಒಂದು ದಿನ ಸೂಕ್ತ. ಆಗ ಮುಂಗಾರಿ ಕಾಯಿಪಲ್ಲೆ ಇನ್ನೂ ಕೊಯ್ಲಿನಲ್ಲಿರುತ್ತದೆ, ಸೀತಾಫಲ ಬಲಿತಿರುತ್ತದೆ, ಚೆಂಡು ಹೂವು ತುಂಬಿರುತ್ತದೆ. ಹಗಲು ಕಿರಿದಾಗುತ್ತ ಬಂದಂತೆ ಸೇವಂತಿಗೆಯೂ ಮೊಗ್ಗೊಡೆಯತೊಡಗುತ್ತದೆ.

ದಿನ ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತನೆ ಮಾಡಬೇಕು. ತಳಿ ಮತ್ತು ಮಳೆಗೆ ತಕ್ಕಂತೆ ಕೆಲವು ದಿನ ಹೆಚ್ಚು ಕಡಿಮೆಯಾಗಬಹುದಾದರೂ ಸಾಮಾನ್ಯ ಲೆಕ್ಕ ಹೀಗಿದೆ:

ಮೆಣಸಿನಕಾಯಿ: 120 ದಿನ ಮೊದಲು ಸಸಿಮಡಿಯಲ್ಲಿ ಬಿತ್ತನೆ
ಬದನೆ: 110 ದಿನ ಮೊದಲು ಸಸಿಮಡಿಯಲ್ಲಿ ಬಿತ್ತನೆ
ಚೆಂಡು ಹೂವು: 85ರಿಂದ 90 ದಿನ ಮೊದಲು ಸಸಿಮಡಿಯಲ್ಲಿ ಬಿತ್ತನೆ
ಹೀರೆ: 65 ದಿನ ಮೊದಲು
ಬೆಂಡೆ, ಚವಳಿಕಾಯಿ: 60 ದಿನ ಮೊದಲು
ಸವತಿ: 55 ದಿನ ಮೊದಲು
ಮೆಂತ್ಯ: 30 ದಿನ ಮೊದಲು

ಸೇವಂತಿಗೆಯ ಬುಡದ ಮರಿಗಳನ್ನು ಜೂನ್ ತಿಂಗಳಲ್ಲಿಯೇ ನೆಡಬೇಕು. ಸೆಪ್ಟೆಂಬರ್ ಮಳೆಗೆ ಎರೆಭೂಮಿಯಲ್ಲಿ ನೀರು ನಿಂತು ಬೇರು ಕೊಳೆಯುವುದುಂಟು. ಆದುದರಿಂದ ಕಾಯಿಪಲ್ಲೆ ಮತ್ತು ಹೂವಿನ ಸಸಿಗಳನ್ನು ಸಮಪಾತಳಿಯಲ್ಲಿ ನೆಡದೆ ಬೋದಿನ ಮೇಲೆ ನೆಡುವುದು ಒಳ್ಳೆಯದು.

ವಿಭಾಗಗಳು

ಭೀಮಾ ದಂಡೆಯ ನೀರಾವರಿ ಜಮೀನಿನವನನ್ನೂ ಮಳೆಯನ್ನೇ ನಂಬಿದ ಮಡ್ಡಿಯವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಾಗೆ ಮಾಡಿದರೆ ಎರಡನೆಯ ವರ್ಷ ಒಣಬೇಸಾಯದವರು ಯಾರೂ ಬರುವುದಿಲ್ಲ. ಆದ್ದರಿಂದ ಈ ವಿಭಾಗಗಳನ್ನು ಬೇರೆ ಬೇರೆ ಇಡಬೇಕು:

1. ನೀರಾವರಿ ಕಾಯಿಪಲ್ಲೆ.
2. ಮಳೆಯಾಶ್ರಿತ ಕಾಯಿಪಲ್ಲೆ ಮತ್ತು ಅಕ್ಕಡಿ ಬೆಳೆ.
3. ಹಿತ್ತಲ ಕಾಯಿಪಲ್ಲೆ. ಇದು ಹೆಣ್ಣುಮಕ್ಕಳ ಮತ್ತು ಹೊಲವಿಲ್ಲದ ಕುಟುಂಬಗಳ ವಿಭಾಗ. ಬಚ್ಚಲ ನೀರಿಗೆ ಬೆಳೆದ ಒಂದೇ ಬಳ್ಳಿಯ ಕಾಯಿಯಾದರೂ ಸೇರಿಸಿಕೊಳ್ಳಬೇಕು.
4. ಸೊಪ್ಪು: ಪುಂಡಿಪಲ್ಯ, ರಾಜಗಿರಿ, ಮೆಂತ್ಯ ಮತ್ತು ಹೊಲದಲ್ಲಿ ತಾನಾಗಿ ಬೆಳೆಯುವ ತಿನ್ನುವ ಸೊಪ್ಪುಗಳು.
5. ಹಣ್ಣು: ಸೀತಾಫಲ, ಪೇರಲ, ಲಿಂಬೆ, ಪಪ್ಪಾಯಿ, ಬಾಳೆ.
6. ಹೂವು.
7. ಬೀಜ ಮತ್ತು ಬೀಜಕ್ಕೆ ಬಿಟ್ಟ ಕಾಯಿ.

ತಟ್ಟೆಯೊಂದಕ್ಕೆ ಇಂತಿಷ್ಟೇ ಕಾಯಿ ಎಂದು ಮೊದಲೇ ಸಾರಬೇಕು. ಬದನೆ, ಪೇರಲ, ಉಳ್ಳಾಗಡ್ಡಿ 5, ಬೆಂಡೆ ಮತ್ತು ಲಿಂಬೆ 10, ಮೆಣಸಿನಕಾಯಿ 15, ಹೀರೆ ಮತ್ತು ಸೀತಾಫಲ 3, ಕುಂಬಳ 1, ಸೊಪ್ಪು ಒಂದು ಕಟ್ಟು. ಒಂದು ಕಾಯಿ ಹೆಚ್ಚಾದರೂ ಕಡಿಮೆಯಾದರೂ ಆ ತಟ್ಟೆಯನ್ನು ತೀರ್ಪಿಗೆ ಸೇರಿಸಬಾರದು.

ಕೊಯ್ಲು ಮತ್ತು ಜೋಡಣೆ

ಪ್ರದರ್ಶನದ ದಿನ ಬೆಳಗಿನ ತಂಪಿನಲ್ಲಿ ಕೊಯ್ಯುವುದು ಉತ್ತಮ. ಕಾಯಿಯನ್ನು ಕಿತ್ತು ಎಳೆಯದೆ ತೊಟ್ಟು ಉಳಿಯುವಂತೆ ಕತ್ತರಿಸಬೇಕು. ಬದನೆಯ ತೊಟ್ಟು ಮತ್ತು ಅದರ ಹಸಿರು ಟೋಪಿ ಬಾಡಿರಬಾರದು. ಕಾಯಿಯನ್ನು ನೀರಿನಲ್ಲಿ ಉಜ್ಜಿ ತೊಳೆಯುವ ಬದಲು ಮೆತ್ತನೆಯ ಬಟ್ಟೆಯಿಂದ ಮಣ್ಣನ್ನಷ್ಟೇ ತೆಗೆಯಬೇಕು. ಎಣ್ಣೆ ಹಚ್ಚಿ ಹೊಳಪು ತರುವುದು ಸಲ್ಲದು.

ಸೀತಾಫಲ ಮೆತ್ತಗಾದರೆ ಬಿರಿಯುತ್ತದೆ. ಆದ್ದರಿಂದ ಕಣ್ಣುಗಳ ನಡುವಿನ ಸಂದು ಅಗಲವಾಗಿ ತಿಳಿ ಹಳದಿಗೆ ತಿರುಗಿದ, ಇನ್ನೂ ಗಟ್ಟಿಯಿರುವ ಹಣ್ಣನ್ನು ಇಡಬೇಕು. ಹೂವನ್ನು ಉದ್ದ ಕಾಂಡದೊಡನೆ ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ಕೂಡಲೇ ಬಕೆಟ್ಟಿನ ನೀರಿನಲ್ಲಿಟ್ಟು ನೆರಳಿಗೆ ಒಯ್ಯಬೇಕು.

ಪ್ರದರ್ಶನಕ್ಕೆಂದು ಕೊನೆಯ ಗಳಿಗೆಯಲ್ಲಿ ಕೀಟನಾಶಕ ಸಿಂಪಡಿಸುವುದು ಬಹಳ ಅಪಾಯ. ಮಕ್ಕಳು ಕಾಯಿಗಳನ್ನು ಮುಟ್ಟುತ್ತಾರೆ, ಸಂಜೆ ಅವನ್ನೇ ಜನ ಅಡುಗೆಗೆ ಒಯ್ಯುತ್ತಾರೆ. ಔಷಧದ ಡಬ್ಬಿಯ ಮೇಲೆ ಕೊಯ್ಲಿಗೆ ಮುನ್ನ ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆಯೋ ಅಷ್ಟು ದಿನ ಕಳೆದಿರಲೇಬೇಕು.

ತೀರ್ಪು ಕೊಡುವ ಬಗೆ

ಪ್ರದರ್ಶನ ನಿಲ್ಲುವುದೂ ಕೆಡುವುದೂ ತೀರ್ಪಿನಿಂದ. ತೀರ್ಪುಗಾರರು ಬೇರೆ ಊರಿನವರಾಗಿರಬೇಕು. ಒಬ್ಬರು ಅನುಭವಿ ರೈತ, ಒಬ್ಬರು ರೈತ ಮಹಿಳೆ, ಮತ್ತೊಬ್ಬರು ತೋಟಗಾರಿಕೆ ಇಲಾಖೆಯ ಅಥವಾ ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಆದರೆ ಒಳ್ಳೆಯದು. ತಟ್ಟೆಯ ಮೇಲೆ ಬೆಳೆದವರ ಹೆಸರಿನ ಬದಲು ಸಂಖ್ಯೆಯ ಚೀಟಿ ಮಾತ್ರ ಇರಬೇಕು. ಸಂತೆಯಿಂದ ತಂದ ಕಾಯಿಯನ್ನು ತನ್ನದೆಂದು ಇಡುವವರೂ ಇರುತ್ತಾರೆ. ಆದುದರಿಂದ ಹೆಸರು ಕೊಟ್ಟವರ ಹೊಲ, ಹಿತ್ತಲುಗಳನ್ನು ಹದಿನೈದು ದಿನ ಮೊದಲೇ ಸಮಿತಿಯವರು ಕಂಡು ಬರತಕ್ಕದ್ದು.

ಒಟ್ಟು 100 ಅಂಕಗಳನ್ನು ಹೀಗೆ ಹಂಚಬಹುದು:

ರೋಗ, ಹುಳು, ಗಾಯ ಇಲ್ಲದಿರುವುದು: 20
ತಟ್ಟೆಯ ಕಾಯಿಗಳೆಲ್ಲ ಒಂದೇ ಗಾತ್ರ, ಬಣ್ಣ, ಆಕಾರದಲ್ಲಿರುವುದು: 20
ತಿನ್ನುವ ಹದ ಮತ್ತು ತಾಜಾತನ: 20
ತಳಿಯ ಗುಣ ಎದ್ದು ಕಾಣುವುದು: 15
ತಿಳಿವಳಿಕೆಯ ಚೀಟಿ ಮತ್ತು ಹಂಚಲು ಬೀಜ: 25

ಗಾತ್ರಕ್ಕೆಂದೇ ಇಲ್ಲಿ ಅಂಕವಿಲ್ಲ. ಮೊಳದುದ್ದದ ಹೀರೆಕಾಯಿ ನೋಡಲು ಚೆಂದ, ಆದರೆ ಅದರೊಳಗೆ ನಾರು ತುಂಬಿದ್ದರೆ ಪಲ್ಯಕ್ಕೆ ಬಾರದು. ಅದೇ ಕಾಯಿ ಬಳ್ಳಿಯಲ್ಲಿಯೇ ಒಣಗಿದ್ದರೆ ಏಳನೆಯ ವಿಭಾಗದಲ್ಲಿ ಬಹುಮಾನಕ್ಕೆ ಯೋಗ್ಯ.

ಕೊನೆಯ 25 ಅಂಕಗಳೇ ಈ ಪದ್ಧತಿಯ ಜೀವಾಳ. ಬೀಜ ಎಲ್ಲಿಂದ ಬಂತು, ಎಷ್ಟು ವರ್ಷದಿಂದ ಇದೆ, ಯಾವ ಮಣ್ಣು, ಎಷ್ಟು ನೀರು, ಯಾವ ಗೊಬ್ಬರ, ಯಾವ ತೊಂದರೆ ಬಂತು, ಹೇಗೆ ನೀಗಿಸಿಕೊಂಡರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತಟ್ಟೆಯ ಮುಂದಿಡಬೇಕು. ಬರೆಯಲು ಬಾರದವರ ಮಾತನ್ನು ಶಾಲೆಯ ಮಕ್ಕಳು ಕೇಳಿ ಬರೆದುಕೊಡಲಿ. ಹೈಬ್ರಿಡ್ ತಳಿಯಾಗಿದ್ದರೆ ಹಾಗೆಂದೇ ಬರೆಯಬೇಕು. ಅದರ ಬೀಜ ಹಿಡಿದು ಬಿತ್ತಿದರೆ ತಾಯಿ ಗಿಡದ ಗುಣ ಒಂದೇ ಸಮ ಬರುವುದಿಲ್ಲವಾದ್ದರಿಂದ, ಆ ತಟ್ಟೆಗೆ ಬೀಜದ ಬದಲು ಚೀಟಿಯನ್ನೇ ಪರಿಗಣಿಸಿ 25ಕ್ಕೆ ಅಂಕ ಕೊಡಬೇಕು. ತೀರ್ಪು ಮುಗಿದ ಮೇಲೆ ಯಾವ ತಟ್ಟೆಗೆ ಏಕೆ ಅಂಕ ಬಂತು, ಏಕೆ ಕಡಿಮೆಯಾಯಿತು ಎಂಬುದನ್ನು ತೀರ್ಪುಗಾರರು ಎಲ್ಲರೆದುರು ತಿಳಿಸಿ ಹೇಳಬೇಕು. ಪಾಠ ನಡೆಯುವುದು ಆ ಹೊತ್ತಿನಲ್ಲಿಯೇ.

ಬೀಜಕ್ಕೆ ಬಿಡುವ ಕ್ರಮ

ಬಹಳ ಜನ ಒಳ್ಳೆಯ ಕಾಯಿಗಳನ್ನೆಲ್ಲ ಮಾರಿ, ಕೊನೆಗೆ ಉಳಿದ ಸಣ್ಣ ಕಾಯಿಯನ್ನು ಬೀಜಕ್ಕೆ ಬಿಡುತ್ತಾರೆ. ಇದರಿಂದ ತಳಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಹುರುಪಾದ ಗಿಡಕ್ಕೆ ಮೊದಲೇ ಬಣ್ಣದ ದಾರ ಕಟ್ಟಿ ಗುರುತಿಟ್ಟು, ಅದರ ಎರಡನೆಯ ಅಥವಾ ಮೂರನೆಯ ಬೀಡಿನ ಒಳ್ಳೆಯ ಕಾಯಿಯನ್ನು ಬಿಡಬೇಕು. ಬೆಂಡೆಯ ಸಾಲಿನಲ್ಲಿ ಹಳದಿ ನರದ ರೋಗ ಬಂದಾಗ, ಸುತ್ತಲಿನ ಗಿಡಗಳು ಹಳದಿಯಾದರೂ ಹಸಿರಾಗಿಯೇ ಉಳಿದ ಗಿಡವಿದ್ದರೆ ಅದಕ್ಕೆ ದಾರ ಕಟ್ಟಿರಿ. ಬದನೆ ಗಿಡದಲ್ಲಿಯೇ ಹಳದಿಯಾಗಿ ಮಾಗಬೇಕು. ಹೀರೆ ಬಳ್ಳಿಯಲ್ಲಿಯೇ ಒಣಗಬೇಕು.

ಕುಂಬಳ, ಹೀರೆ, ಸವತಿಗಳಲ್ಲಿ ಜೇನುನೊಣಗಳು ಒಂದು ತಳಿಯ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುದರಿಂದ ತಳಿ ಬೆರಕೆಯಾಗುತ್ತದೆ. ಕುಂಬಳದಲ್ಲಿ ಇದನ್ನು ತಡೆಯುವುದು ಸುಲಭ. ಮರುದಿನ ಅರಳುವ ಹೆಣ್ಣು ಮತ್ತು ಗಂಡು ಮೊಗ್ಗುಗಳನ್ನು ಸಂಜೆ ದಾರದಿಂದ ಕಟ್ಟಬೇಕು. ಬೆಳಿಗ್ಗೆ ಬಿಚ್ಚಿ, ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ ಗುರುತಿಡಬೇಕು. ಆ ಕಾಯಿಯ ಬೀಜ ಶುದ್ಧವಾಗಿರುತ್ತದೆ. ಬೀಜವನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಬೇಕು.

ನವರಾತ್ರಿಯ ಘಟದಲ್ಲಿ ಮಣ್ಣು ಹಾಕಿ ಕಾಳು ಮೊಳೆಯಿಸುವುದನ್ನು ನೀವೆಲ್ಲ ಬಲ್ಲಿರಿ. ಅದೇ ರೀತಿ 100 ಬೀಜಗಳನ್ನು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಹಂಚುವ ಮೊದಲೇ ನೋಡಿಕೊಳ್ಳಿರಿ.

ಪ್ರದರ್ಶನದ ನಂತರ

ಸಂಜೆ ತಟ್ಟೆಯ ಕಾಯಿ, ಹಣ್ಣುಗಳನ್ನು ಸವಾಲು ಮಾಡಿ, ಬಂದ ಹಣವನ್ನು ಮುಂದಿನ ವರ್ಷದ ಖರ್ಚಿಗೆ ಇಡಬಹುದು. ಚೀಟಿಗಳನ್ನು ಮಾತ್ರ ಎಸೆಯಬಾರದು. ಅವನ್ನು ಒಂದು ದಫ್ತರದಲ್ಲಿ ಅಂಟಿಸಿ ಶಾಲೆಯಲ್ಲಿಯೋ ಗ್ರಂಥಾಲಯದಲ್ಲಿಯೋ ಇಡಿರಿ. ಬೀಜ ಒಯ್ದವರ ಹೆಸರನ್ನೂ ಅದರಲ್ಲಿ ಬರೆದು, ಬೆಳೆ ಬಂದ ಮೇಲೆ ಒಯ್ದದ್ದರ ಎರಡರಷ್ಟು ಮರಳಿಸಬೇಕೆಂದು ಕರಾರು ಮಾಡಿಕೊಳ್ಳಿರಿ. ಹೀಗಾದರೆ ಒಂದು ಮನೆಯಲ್ಲಿ ಬೀಜ ಕೆಟ್ಟರೂ ಊರಿನಲ್ಲಿ ಉಳಿಯುತ್ತದೆ.

ಒಂದು ಊರಿನ ಬದನೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಉಡುಪಿ ಬಳಿಯ ಮಟ್ಟು ಗ್ರಾಮದ ಗುಳ್ಳವೇ ಸಾಕ್ಷಿ. ಅಲ್ಲಿನ ರೈತರು ಬೀಜವನ್ನು ಬಿಡದೆ ಕಾಯ್ದುಕೊಂಡು ಬಂದುದರಿಂದ ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2019ರಲ್ಲಿ ಕಲಬುರಗಿ ತೊಗರಿಗೂ ಇದೇ ಮಾನ್ಯತೆ ಸಿಕ್ಕಿತು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001ರ ಪ್ರಕಾರ ರೈತರು ತಮ್ಮ ಬೆಳೆಯ ಬೀಜವನ್ನು ಉಳಿಸಿ, ಬಿತ್ತಿ, ಹಂಚಿಕೊಳ್ಳಬಹುದು. ಮುದ್ರೆ ಹಾಕಿದ ಕಂಪನಿ ಬೀಜದ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೆ. ರೈತರೇ ಉಳಿಸಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲಿ ನೋಂದಾಯಿಸಲು ಸಹ ಅವಕಾಶವಿದೆ. ಇಂಥ ಅರ್ಜಿಗೆ ತಳಿಯ ಪೂರ್ವಾಪರ ಬೇಕಾಗುತ್ತದೆ. ನಿಮ್ಮ ಊರಿನ ದಫ್ತರ ಆಗ ಉಪಯೋಗಕ್ಕೆ ಬಂದೀತು.

ರೈತ ಬಾಂಧವರೇ, ಮೊದಲ ವರ್ಷ ಇಪ್ಪತ್ತು ತಟ್ಟೆ ಬಂದರೂ ಎದೆಗುಂದಬೇಡಿರಿ. ಇಂದೇ ಮನೆಗೆ ಹೋಗಿ ಅವ್ವನನ್ನೋ ಅಜ್ಜಿಯನ್ನೋ ಕೇಳಿರಿ: ಗಡಿಗೆಯಲ್ಲಿ ಯಾವ ಯಾವ ಬೀಜ ಇದೆ, ಹೋದ ವರ್ಷ ಯಾವುದನ್ನು ಬಿತ್ತಲಿಲ್ಲ? ಬಿತ್ತದೆ ಉಳಿದದ್ದನ್ನು ಮುಂಬರುವ ಮುಂಗಾರಿಗೆ ಒಂದು ಮಡಿಯಷ್ಟಾದರೂ ಬಿತ್ತಿರಿ.